ಸೀ ಅನ್ನದ ಆಂಪ್

…ಅದೂ ಸೀ ಅಂತಿದೆ ಕಣಯ್ಯಾ ರಮೇಶ್‌ಬಾಬು, ತೆಗಿ ಆ ಆಂಪನ್ನ, ಒಳಗಿಡು. ನೋಡೋಕೇನೋ ಚೆನ್ನಾಗಿದೆ. ಕೆಂಪು ಬಟ್ಟೆ, ಹಿತ್ತಾಳೆ ಮೂಲೆ, ಒಳ್ಳೆ ಮದುವೆ ಪೆಟ್ಟಿಗೆ ಹಂಗಿದೆ. ಆದ್ರೆ ನಾನಿನ್ನೂ ಗಿಟಾರ್ ತಂತಿ ಮುಟ್ಟೇ ಇಲ್ಲ, ಆಗ್ಲೇ ಸೀ… ಅಂತ ಶುರು! ಮನೆಗೆ ಕರೆದೇ ಇಲ್ಲ, ಬಂದು ಒಳಗೆ ಕೂತ ನೆಂಟರ ಹಂಗೆ. ಯಾಕೆ ನಗ್ತೀಯಾ? ನಗ್ಲಿಲ್ವಾ? ಮೀಸೆ ಅಲ್ಲಾಡ್ತಪ್ಪ, ನೋಡ್ದೆ. ಕಣ್ಣು ಇನ್ನೂ ಚೆನ್ನಾಗಿದೆ ನಂದು.

ಇಲ್ಲ, ಆ ಕುರ್ಚಿ ಬೇಡ, ಅದಕ್ಕೆ ಕೈಯಿದೆ, ಗಿಟಾರ್ ತೊಡೆ ಮೇಲೆ ಕೂರಲ್ಲ. ಈ ಸ್ಟೂಲ್ ಸಾಕು. ಕಾಫಿನೂ ಬೇಡ. ಬೆಳಗ್ಗೆಯಿಂದ ಮೂರಾಗಿದೆ.

ಮತ್ತೆ ಮೊದಲಿಂದ ಹೇಳ್ತೀನಿ, ಕೇಳು. ಯಾಕಂದ್ರೆ ಆರ್ಕೆಸ್ಟ್ರಾದೋರಿಗೆ ತೋರಿಸೋದನ್ನೇ ನೀನು ನನಗೂ ತೋರಿಸ್ತಿದೀಯಾ. ನಿನ್ನ ಹತ್ರ ಬರೋರು ಏನು ಕೇಳ್ತಾರೆ? ‘ಎಷ್ಟು ವಾಟ್ಸಣ್ಣಾ? ಮೂರು ಬೀದಿ ಆಚೆ ಕೇಳಿಸ್ತದಾ?’ ನನಗೆ ಮೂರು ಮೇಜು ಆಚೆ ಕೇಳಿಸಿದ್ರೆ ಸಾಕು. ಭಾನುವಾರ ಬೆಳಗ್ಗೆ ಹತ್ತು ಗಂಟೆ. ಪೆರೇಸಂದ್ರ ದಾಟಿದ ಮೇಲೆ ಹೈವೇ ಪಕ್ಕ ಆ ಹೊಸ ಹೋಟೆಲ್ಲು. ನೀನು ಹೋಗಿಲ್ವಾ? ಹೋಗು, ಕಾಫಿ ಪರವಾಲೇದು. ಅಲ್ಲಿ ನಾನು ಗಿಟಾರು, ಚಿಂತಾಮಣಿ ಹುಡುಗಿ ಹರಿತಾ ಬೇಸು, ಇಬ್ಬರೇ. ಹರಿತಾ ಗೊತ್ತಲ್ಲ ನಿನಗೆ? ಹಲ್ಲಿನ ಡಾಕ್ಟರ್ ಆಗಿದಾಳೆ, ಬೆಳಗ್ಗೆ ಹಲ್ಲು ಕೀಳ್ತಾಳೆ, ಸಾಯಂಕಾಲ ತಂತಿ. ಹೋಟೆಲ್ ಯಜಮಾನ ವೆಂಕಟರವಣಪ್ಪ ಮೊದಲನೇ ದಿನಾನೇ ಕಂಡೀಷನ್ ಹಾಕಿದ್ರು: ‘ನೋಡಿ ಮೇಡಂ, ಜನ ಮಾತಾಡ್ಕೊಂಡು ದೋಸೆ ತಿನ್ಬೇಕು. ನಿಮ್ದು ಇರ್ಬೇಕು, ಆದ್ರೆ ಅಡ್ಡ ಬರ್ಬಾರ್ದು.’ ಹನ್ನೊಂದು ದೇಶ ಸುತ್ತಿದೀನಿ ಕಣಯ್ಯಾ, ಜಾಝ್ ಅಂದ್ರೇನು ಅಂತ ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ.

ಐವತ್ತೆಂಟು ವರ್ಷಕ್ಕೆ ಮೊದಲನೇ ಸಲ ಜನರ ಮುಂದೆ ಬಾರಿಸ್ತಿದೀನಿ. ಇವತ್ತು ಗುರುವಾರ. ಆಂಪ್ ಇಲ್ದೇ ಹೋದ್ರೆ ಇಲ್ಲ. ಹರಿತಾಗೂ ಹೇಳಿಬಿಟ್ಟಿದೀನಿ, ‘ಕ್ಲೀನಾಗಿರೋ ಆಂಪ್ ಸಿಕ್ಕಿದ್ರೆ ಬರ್ತೀನಿ, ಇಲ್ಲಾಂದ್ರೆ ನೀನು ಬೇರೆ ಯಾರನ್ನಾದ್ರೂ ನೋಡ್ಕೊ ಕಣೇ’ ಅಂತ. ಅವಳ ಮುಖ ಇಷ್ಟು ಚಿಕ್ಕದಾಯ್ತು. ಆದ್ರೆ ಏನು ಮಾಡ್ಲಿ? ನೀನೇ ಹೇಳು, ಏನು ಮಾಡ್ಲಿ?

ಹದಿನೆಂಟು ಸಾವಿರ. ಅದೇ ನನ್ನ ಕೈಲಾಗೋದು. ಹಂಗೆ ನೋಡಬೇಡ, ಗೊತ್ತು, ಹದಿನೆಂಟಕ್ಕೆ ಏನೂ ಬರಲ್ಲ ಅಂತ ಎಲ್ಲರೂ ಹೇಳ್ತಾರೆ. ಇಂಟರ್‌ನೆಟ್ಟಲ್ಲಿ ಅಮೆರಿಕದೋರು ಕೂತ್ಕೊಂಡು ಎರಡು ಲಕ್ಷದ ಆಂಪನ್ನ ‘ಬಡವರದ್ದು’ ಅಂತ ಕರೀತಾರೆ.

ಇದೇನು, ವಾಲ್ವಿಂದಾ? ಐದು ವಾಟ್ಸು. ಹಳೇ ರೇಡಿಯೋ ಹಂಗೆ ಬೆಚ್ಚಗಾಗುತ್ತೆ, ಕೆಂಪಗೆ ಉರಿಯುತ್ತೆ, ಎಲ್ಲಾ ಸರಿ. ಮೆಲ್ಲಗೆ ಬಾರಿಸಿದ್ರೆ ಬಂಗಾರ. ಆದ್ರೆ ಹೋಟೆಲಲ್ಲಿ ನಾಕು ಜನ ಜೋರಾಗಿ ಮಾತಾಡಿದ್ರು ಅಂತಿಟ್ಕೊ, ನಾನೂ ಒಂದು ಚೂರು ಏರಿಸ್ಬೇಕು. ಏರಿಸಿದ ತಕ್ಷಣ ಇದರ ಗಂಟಲು ಕಟ್ಟುತ್ತೆ, ಗೊರಗೊರ ಅನ್ನುತ್ತೆ. ರಾಕ್ ಹುಡುಗ್ರಿಗೆ ಅದೇ ಬೇಕು, ಅದಕ್ಕೇ ದುಡ್ಡು ಕೊಡ್ತಾರೆ. ನನಗೆ ಗೊರಗೊರ ಬೇಡ. ಅದಕ್ಕೇ ನಾನು ವಾಟ್ಸ್ ಕೇಳೋದು. ಕೂಗೋಕಲ್ಲ! ನೂರು ಕೇಜಿ ಮೂಟೆ ಎತ್ತೋನು ಹತ್ತು ಕೇಜಿ ಎತ್ತಿದ್ರೆ ಮುಖ ಕೆಂಪಾಗುತ್ತಾ? ಆಗಲ್ಲ. ಹಂಗೆ, ಸುಮ್ನೆ ಎತ್ತಬೇಕು, ನಿಟ್ಟುಸಿರೂ ಬಿಡಬಾರದು.

ಈ ಕಡೆ ಇರೋದು? ಓ, ನೂರಾ ಎಂಟು ಸೌಂಡ್ ಬರೋದು. ನೂರಾ ಏಳು ನೀನಿಟ್ಕೊ. ಒಂದಕ್ಕೆ ಎಷ್ಟಾಗುತ್ತೆ ಹೇಳು.

…ಹೂಂ, ಹೇಳ್ತೀನಿ, ಅದನ್ನೂ ಹೇಳ್ತೀನಿ. ಗೌರಿಬಿದನೂರಿಂದು ವಾಪಸ್ ಕೊಟ್ಟೆ. ಯಾರು ಹೇಳಿದ್ರು ನಿನಗೆ? ಈ ಜಿಲ್ಲೇಲಿ ಗಿಟಾರ್ ಆಂಪ್ ಇರೋರು ಏಳು ಜನ, ಸುದ್ದಿ ಮಾತ್ರ ಏಳು ಸಾವಿರ ಜನಕ್ಕೆ. ಅಲ್ಲಿ ಅಚ್ಯುತ್ ಅಂತ ಹೈಸ್ಕೂಲ್ ಮೇಷ್ಟ್ರು, ಒಳ್ಳೇ ಮನುಷ್ಯ, ಸೆಕೆಂಡ್ ಹ್ಯಾಂಡು, ಜೋಪಾನವಾಗಿ ದುಪ್ಪಟಿ ಹೊದಿಸಿ ಇಟ್ಕೊಂಡಿದ್ರು. ಮನೆಗೆ ತಂದು ಹಾಕ್ದೆ, ಸೀ. ವಾಪಸ್ ತಗೊಂಡೋದೆ. ‘ನನಗೇನೂ ಕೇಳಿಸ್ತಿಲ್ಲ ಮೇಡಂ’ ಅಂದ್ರು. ಪಾಪ, ಮೂವತ್ತು ವರ್ಷ ಎಂಟನೇ ಕ್ಲಾಸು ಬಿ ಸೆಕ್ಷನ್ ಗಲಾಟೆ ಕೇಳಿದ್ದಾರೆ, ಅವರಿಗೆ ಇನ್ನೇನು ಕೇಳಿಸುತ್ತೆ?

ಆಮೇಲೆ ಚಿಂತಾಮಣಿ, ಎರ್ರಪ್ಪನ ಅಂಗಡಿ. ಹೊಸದು, ಡಬ್ಬಿ ಒಡೆದೇ ಕೊಟ್ಟ. ಸೀ. ಒಂದು ವಾರ ಇಟ್ಕೊಂಡೆ, ಹೊಸದು ಅಲ್ವಾ, ಪಳಗುತ್ತೇನೋ ಅಂತ. ಪಳಗ್ಲಿಲ್ಲ. ಅಂಗಡೀಲೇ ನೆಲದ ಮೇಲೆ ಕೂತ್ಕೊಂಡು ಕಿವಿ ಆನಿಸಿ ಕೇಳ್ದ ಎರ್ರಪ್ಪ, ‘ಏಮೀ ಲೇದಮ್ಮಾ, ಶುಭ್ರಂಗಾ ಉಂದಿ’ ಅಂತಾನೆ! ಏನೂ ಇಲ್ವಂತೆ, ಶುಭ್ರವಾಗಿದೆಯಂತೆ! ಗಣೇಶನ ಹಬ್ಬಕ್ಕೆ ಹತ್ತು ದಿನ ಸ್ಪೀಕರ್ ಪಕ್ಕ ಮಲಗೋನು, ಅವನ ಕಿವಿನ ನಾನು ನಂಬಬೇಕಾ?

ನೀನೇನು ಅವರ ಹಂಗಲ್ಲ. ಅದಕ್ಕೇ ನಿನ್ನ ಹತ್ರ ಬಂದಿದ್ದು. ರೇಷ್ಮೆ ಟೆಸ್ಟಿಂಗ್ ಆಫೀಸಿನ ಕತ್ತಲೆ ಕೋಣೇಲಿ ನನ್ನ ಜೊತೆ ಒಂಬತ್ತು ವರ್ಷ ಕೂತೋನು. ಕಪ್ಪು ಬೋರ್ಡ್ ಮೇಲೆ ಸುತ್ತಿದ ರೇಷ್ಮೆ ನೂಲು, ಪಕ್ಕದಿಂದ ದೀಪ, ಗಂಟು ಎಷ್ಟು, ಸಿಕ್ಕು ಎಷ್ಟು, ಕೂದಲೆಳೆ ಎದ್ದಿದ್ದೆಷ್ಟು ಅಂತ ಎಣಿಸೋದು, ನೂರಕ್ಕೆ ಇಷ್ಟು ಅಂತ ನಂಬರ್ ಹಾಕೋದು. ನೀನು ಅಲ್ಲಿ ಕೆಲಸ ಬಿಟ್ಟು ಇಲ್ಲಿ ಸೌಂಡ್ ಸರ್ವೀಸ್ ಇಟ್ಟಾಗ ಎಲ್ಲರೂ ನಕ್ರು. ನಾನು ನಗ್ಲಿಲ್ಲ. ರೇಷ್ಮೇಲಿ ಗಂಟು ಹುಡುಕೋನು ಸದ್ದಲ್ಲೂ ಹುಡುಕ್ತಾನೆ ಅಂದೆ. ಅಂದಿದ್ದೆ ತಾನೆ? ಹಾಂ.

ಏನು ಕೇಳ್ದೆ? ಎಂಥ ಸೌಂಡ್ ಬೇಕು ಅಂತಾನಾ? ಒಳ್ಳೇ ಪ್ರಶ್ನೆ. ಇದನ್ನ ಮೊದ್ಲೇ ಕೇಳ್ಬೇಕಿತ್ತು ನೀನು.

ಬ್ರೆಜಿಲ್‌ನಲ್ಲಿದ್ದಾಗ, ಆ ಎಕ್ಸ್‌ಪೋರ್ಟ್ ಕಂಪನಿಯೋರು ಅಲ್ಲಿನ ನೂಲು ನೋಡೋಕೆ ಅಂತ ಎರಡು ವರ್ಷ ಕಳಿಸಿದ್ರಲ್ಲ… ಲೋಂಡ್ರಿನಾ ಅಂತ ಊರು, ನಮ್ಮ ಕೆಂಚಾರ್ಲಹಳ್ಳಿ ಕಡೆ ಹಂಗೇ ಕೆಂಪು ಮಣ್ಣು, ಹಿಪ್ಪುನೇರಳೆ ತೋಟ. ನನ್ನ ಮನೆಯೊಡತಿ ಅಣ್ಣ ಲಾರಿ ಡ್ರೈವರ್ರು. ವಾರಕ್ಕೊಂದು ದಿನ ಮನೇಲಿರ್ತಿದ್ದ, ಬೆಳಗ್ಗೆ ಬನೀನಲ್ಲಿ ವೆರಾಂಡದಲ್ಲಿ ಕೂತ್ಕೊಂಡು ಗಿಟಾರ್ ನುಡಿಸೋನು. ಪಕ್ಕದಲ್ಲಿ ಒಂದು ಡಬ್ಬ, ಬಣ್ಣ ಹೋಗಿತ್ತು, ಹೆಸರೂ ಹೋಗಿತ್ತು. ಅದರಿಂದ ಬರ್ತಿದ್ದ ಸದ್ದು… ಹೆಂಗೆ ಹೇಳ್ಲಿ… ಬಿಸಿನೀರಲ್ಲಿ ರೇಷ್ಮೆ ಗೂಡು ಬಿಚ್ಕೊಳ್ಳೋದನ್ನ ನೋಡಿದೀಯಲ್ಲ, ಒಂದೇ ಎಳೆ, ಕಿತ್ತೋಗ್ದೆ, ಗಂಟಿಲ್ದೆ, ಗೂಡು ನೀರಲ್ಲಿ ಕುಣೀತಿರುತ್ತೆ, ಎಳೆ ಮಾತ್ರ ಸುಮ್ನೆ ಮೇಲೆ ಬರ್ತಾ ಇರುತ್ತೆ. ಹಂಗೆ. ಆದ್ರೆ ಸದ್ದಲ್ಲ ನನ್ನ ಹಿಡಿದಿದ್ದು. ಅವನು ಕೈ ಎತ್ತಿದಾಗ ಬರ್ತಿತ್ತಲ್ಲ, ಅದು. ಎರಡು ಸ್ವರದ ಮಧ್ಯ ಏನೂ ಇರ್ತಿರ್ಲಿಲ್ಲ. ಏನೂ ಅಂದ್ರೆ ಏನೂ. ಕಪ್ಪು ಬೋರ್ಡ್ ಹಂಗೆ. ಆ ಕಪ್ಪು ಇದ್ದಿದ್ರಿಂದ್ಲೇ ಎಳೆ ಕಾಣ್ತಿತ್ತು.

ಅದು ಬೇಕು. ಇಪ್ಪತ್ತು ವರ್ಷದಿಂದ ಅದನ್ನೇ ಕಲೀತಿದೀನಿ. ಸ್ವರ ಬಾರಿಸೋದು ಆರು ತಿಂಗಳಿಗೆ ಬಂತು, ಬಾರಿಸ್ದೇ ಇರೋದು ಇನ್ನೂ ಬರ್ತಾ ಇದೆ.

ಯಾಕೆ ನೆಲ ನೋಡ್ತಿದೀಯಾ? ಜಾಸ್ತಿ ಆಯ್ತಾ? ಸರಿ ಬಿಡಪ್ಪಾ, ಆಂಪ್ ತೋರ್ಸು.

…ಇದ್ಯಾವುದು ಬೂದು ಬಣ್ಣದ್ದು? ಕೀಬೋರ್ಡ್ ಆಂಪಾ! ಬಂದ್ಯಾ ದಾರಿಗೆ. ಇದನ್ನ ಯಾಕೆ ಮೂಲೇಲಿ ಬಚ್ಚಿಟ್ಟಿದ್ದೆ? ಭಜನೆ ಮನೆಯೋರು ಬೇಡ ಅಂತ ವಾಪಸ್ ಕೊಟ್ರಾ? ಯಾಕೆ? ‘ಎಕೋ ಇಲ್ಲ’ ಅಂತಾನಾ? ಅಯ್ಯೋ ದೇವರೇ, ಅದಕ್ಕಿಂತ ಒಳ್ಳೇ ಸರ್ಟಿಫಿಕೇಟ್ ಬೇಕಾ! ಕೀಬೋರ್ಡ್ ಆಂಪ್ ತನ್ನ ಕಡೆಯಿಂದ ಏನೂ ಸೇರಿಸಲ್ಲ, ಕೊಟ್ಟಿದ್ದನ್ನ ಕೊಡುತ್ತೆ, ಅಷ್ಟೇ. ಹನ್ನೆರಡು ಇಂಚು ಸ್ಪೀಕರಾ? ಹಿಂದೆ ಮುಚ್ಚಿದೆ. ಚೆನ್ನಾಗಿದೆ. ಎತ್ತು ನೋಡಣ… ಏ, ನೀನೆತ್ತು, ನಾನ್ಯಾಕೆ.

ಹಾಕು. ಟ್ರೆಬಲ್ ಇಳಿಸು. ಇನ್ನೂ. ಮಧ್ಯದ್ದು ಒಂದು ಚೂರು ಮೇಲೆ. ಬೇಸ್ ಹಂಗೇ ಇರ್ಲಿ, ಹರಿತಾಗೆ ಜಾಗ ಬೇಕು. ಗಿಟಾರಿನ ಟೋನ್ ನಾನು ಅರ್ಧಕ್ಕೆ ಇಳಿಸ್ತೀನಿ. ನುಣುಪು ತಂತಿ ಹಾಕಿದೀನಿ ನೋಡು, ಬೆರಳು ಜಾರಿದ್ರೆ ಕೀಂಯ್ ಅನ್ನಲ್ಲ. ಈಗ ಕೇಳು.

…

…ಏನು? ಇನ್ನೊಂದು ಸಲಾನಾ? ತಗೋ.

…

ಹೂಂ. ಬಾರಿಸುವಾಗ ಚೆನ್ನಾಗಿದೆ. ಚೆನ್ನಾಗಿದೆ ಕಣಯ್ಯಾ, ನಿಜ ಹೇಳ್ತೀನಿ, ಆ ಲಾರಿ ಡ್ರೈವರ್ ಡಬ್ಬದ ಚಿಕ್ಕಪ್ಪನ ಮಗ. ನಿನ್ನ ಕಣ್ಣೂ ಅರಳ್ತು, ಸುಳ್ಳು ಹೇಳಬೇಡ. ಆದ್ರೆ… ಇರು, ತಂತಿ ಮೇಲೆ ಕೈ ಇಡ್ತೀನಿ. ಅಲ್ಲಿ. ಅಲ್ಲೇ. ಕೇಳಿಸ್ತಾ? ಸೀ… ಅಂತ. ಸಣ್ಣದು. ಎಲ್ಲೋ ದೂರ ಕುಕ್ಕರ್ ಕೂಗೋಕೆ ಮುಂಚೆ ಅನ್ನುತ್ತಲ್ಲ. ಕೇಳಿಸ್ತಿಲ್ವಾ? ನಿನಗೂ ಕೇಳಿಸ್ತಿಲ್ವಾ?

ತಲೆ ಅಲ್ಲಾಡಿಸಬೇಡ, ಸರಿಯಾಗಿ ಕೇಳು. ಬಗ್ಗಿ ಕೇಳು.

…ಸರಿ. ಹಂಗಾದ್ರೆ ಇದೂ ಆಗ್ಲಿಲ್ಲ. ನಾನು ಹರಿತಾಗೆ ಫೋನ್ ಮಾಡ್ತೀನಿ. ಮೂರು ಕಡೆ ಆಯ್ತು, ಸಿಗ್ಲಿಲ್ಲಮ್ಮಾ, ಬೇರೆ ಯಾರನ್ನಾದ್ರೂ ನೋಡು ಅಂತ… ಏನು? ಕೂತ್ಕೊ ಅಂತೀಯಾ? ಕೂತ್ಕೊಂಡೆ. ಏನೀಗ?

ಬೆನ್ನು ತಿರುಗಿಸಿ ಕೂರ್ಬೇಕಾ? ಯಾಕೆ… ಓಹೋ! ಯಾವ ಆಂಪ್ ಅಂತ ನೋಡ್ದೇ ನಂಬರ್ ಹಾಕ್ಬೇಕಾ? ಲಾಟ್ ನಂಬರ್ ಮುಚ್ಚಿಟ್ಟು ನೂಲು ನೋಡ್ತಿದ್ವಲ್ಲ, ಹಂಗೆ. ಭೇಷ್! ಕಲ್ತಿದ್ದು ಮರ್ತಿಲ್ಲ ನೀನು. ಕೆಂಪುದು, ವಾಲ್ವಿಂದು, ಈ ಬೂದುದು, ಮೂರನ್ನೂ ಇಡು. ಗಿಟಾರ್ ಬೇಡ, ಖಾಲಿ ಆಂಪೇ ಕೇಳ್ತೀನಿ. ಒಂದೊಂದಾಗಿ ಆನ್ ಮಾಡು. ಮಾಡ್ದಾಗ ಬಾಯಲ್ಲಿ ಏನೂ ಹೇಳಬೇಡ, ಪೆನ್ಸಿಲ್ಲಲ್ಲಿ ಟಕ್ ಅಂತ ತಟ್ಟು. ಫ್ಯಾನ್ ಆಫ್ ಮಾಡು. ಷಟರ್ ಅರ್ಧ ಎಳಿ, ಆ ಟೆಂಪೋದೋನು ಹಾರ್ನ್ ಹೊಡೀತಾನೇ ಇದಾನೆ. ಹಾಂ, ತಿರುಗಿದೆ. ನಿನ್ನ ಕ್ಯಾಲೆಂಡರ್ ಇನ್ನೂ ಹೋದ ತಿಂಗಳಲ್ಲೇ ಇದೆ ಕಣಯ್ಯಾ.

ಶುರು ಮಾಡು.

…ಟಕ್ ಅಂತು. ಇರು. …ಇದೆ. ಸಣ್ಣಕ್ಕೆ, ಒಂದೇ ಸಮ. ಬರ್ಕೊ, ಎಪ್ಪತ್ತು.

ಎರಡನೇದು. …ಹೂಂ. ಇದೂ ಇದೆ. ಸ್ವಲ್ಪ ಚೂಪು ಜಾಸ್ತಿ. ಎಡಗಡೆಯಿಂದ ಬರ್ತಿದೆ. ಎಡಕ್ಕಿಟ್ಟಿದೀಯಾ? ಎಡ ಅಂದ್ರೆ ನನ್ನ ಎಡ. ಇದು ವಾಲ್ವಿಂದು, ಪಂದ್ಯ ಕಟ್ತೀಯಾ? ಅರವತ್ತೈದು.

ಮೂರು. …ಇದನ್ನೂ ಎಡಕ್ಕೇ ಇಟ್ಯಾ? ಮೂರನ್ನೂ ಒಂದೇ ಕಡೆ ಯಾಕಿಟ್ಟೆ, ಜಾಗ ಇಲ್ವಾ? ಇರು ಇರು… ತಮಾಷೆ ನೋಡು, ಮೂರರದ್ದೂ ಅದೇ ಸ್ವರ. ಗಿಟಾರಿನ ತುತ್ತತುದೀಲಿ ಸಣ್ಣ ತಂತಿ ಒತ್ತಿದ್ರೂ ಸಿಗಲ್ಲ, ಅದಕ್ಕೂ ಎಷ್ಟೋ ಮೇಲೆ. ಮೂರಕ್ಕೂ ಒಂದೇ ಫ್ಯಾಕ್ಟರಿ ಟ್ರಾನ್ಸ್‌ಫಾರ್ಮರ್ ಇರ್ಬೇಕು. ಈಗೆಲ್ಲ ಹಂಗೇ ಕಣಯ್ಯಾ, ಹೊರಗಡೆ ಹೆಸರು ಬೇರೆ ಬೇರೆ, ಒಳಗಡೆ… ಎಪ್ಪತ್ತು ಹಾಕು. ಬೇಡ, ಅರವತ್ತೆಂಟು.

ಮುಗೀತಾ? ಯಾವುದು ಯಾವುದು ಹೇಳು. …ರಮೇಶ್‌ಬಾಬು? …ತಿರುಗಲಾ? ತಿರುಗ್ತಿದೀನಿ.

…

ಏನಯ್ಯಾ ಇದು.

ಮೂರು ಪ್ಲಗ್ಗೂ ನಿನ್ನ ಕೈಯಲ್ಲೇ ಇದಾವೆ.

ಈಗ ಕಿತ್ತೆ ತಾನೆ? ಮೂರನೇದು ಆದ್ಮೇಲೆ ಕಿತ್ತೆ. …ಅಲ್ವಾ? …ಮೊದಲನೇದಕ್ಕೂ ಮುಂಚೆನಾ?

ಯಾಕೆ ನಿಂತಿದೀಯಾ ವೈರ್ ಹಿಡ್ಕೊಂಡು, ಕೋಳಿ ಕಾಲು ಹಿಡ್ಕೊಂಡ ಹಂಗೆ!

…ಖಾಲಿ ಬೋರ್ಡ್ ಇಟ್ಟೆ. ನನಗೆ ಖಾಲಿ ಬೋರ್ಡ್ ಇಟ್ಟೆ ನೀನು.

ಆಫೀಸಲ್ಲಿ ನಮ್ಮ ಜೊತೆ ನೂಲು ನೋಡ್ತಿದ್ದ ನಲ್ಲಪ್ಪನವರಿಗೆ ಹಿಂಗೇ ಇಟ್ಟಿದ್ದು ನಾನೇ. ಯಾವ ಲಾಟ್ ಕೊಟ್ರೂ ಗಂಟು ಗಂಟು ಅಂತ ಬರೀತಿದ್ರು, ನೂಲು ತೆಗೆಯೋ ರೀಲರ್‌ಗಳೆಲ್ಲ ಬಾಗಿಲಿಗೆ ಬಂದು ಬಾಯಿ ಬಡ್ಕೊಂಡ್ರು. ನೂಲೇ ಸುತ್ತದ ಬರೀ ಬೋರ್ಡನ್ನ ಮಧ್ಯ ಸೇರ್ಸಿ ಕಳಿಸ್ದೆ. ಹದಿನಾಕು ಗಂಟು ಅಂತ ಬರೆದು ಸೈನ್ ಹಾಕಿ ಕೊಟ್ರು. ಪೊರೆ ಬಂದಿತ್ತು ಕಣ್ಣಿಗೆ. ನೀನು ಸೇರಿ ಆರು ತಿಂಗಳೂ ಆಗಿರ್ಲಿಲ್ಲ, ಬಾಗಿಲ ಹತ್ರ ನಿಂತಿದ್ದೆ. ನಾನು ಅವರಿಗೆ ಒಂದು ಮಾತೂ ಆಡ್ಲಿಲ್ಲ. ಬೋರ್ಡ್ ಎತ್ತಿ ದೀಪಕ್ಕೆ ಹಿಡಿದೆ, ಅಷ್ಟೇ. ಎಷ್ಟು ಮರ್ಯಾದೆಯಾಗಿ ಮಾಡ್ದೆ ಅಂತ ಅಂದ್ಕೊಂಡಿದ್ದೆ ಇಷ್ಟು ದಿನ.

ಇಲ್ಲ, ನೀರು ಬೇಡ.

ಯುಗಾದಿಯಿಂದ ಇದೆ ಈ ಸೀ. ನೀನು ಕೇಳ್ತಿಲ್ಲ, ಆದ್ರೂ ಹೇಳ್ತಿದೀನಿ. ಎಡಗಿವಿ. ಮೊದಲು ಫ್ರಿಜ್ ಅಂತ ಅಂದ್ಕೊಂಡೆ, ಫ್ರಿಜ್ ರಿಪೇರಿ ಮಾಡಿಸ್ದೆ. ನಗು, ಪರವಾಗಿಲ್ಲ, ನಗು. ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಕಿವಿ ಡಾಕ್ಟರ್ ಹತ್ರ ಹೋದೆ. ‘ಇದು ಹೋಗಲ್ಲ ಮೇಡಂ, ಅಭ್ಯಾಸ ಮಾಡ್ಕೊಳ್ಳಿ’ ಅಂದ್ರು. ಬಾಡಿಗೆ ಮನೆ ಪಕ್ಕದೋರ ವಿಷಯ ಹೇಳೋ ಹಂಗೆ. ಅವತ್ತೇ ಸಾಯಂಕಾಲ ಅಚ್ಯುತ್ ಮೇಷ್ಟ್ರಿಗೆ ಫೋನ್ ಮಾಡಿ ಆಂಪ್ ಇದೆಯಾ ಅಂತ ಕೇಳ್ದೆ. ಆಂಪ್ ತಂದೆ, ಸೀ ಅಂತಿದೆ ಅಂತ ವಾಪಸ್ ಕೊಟ್ಟೆ. ಒಂದು ಆಂಪ್ ವಾಪಸ್ ಕೊಟ್ರೆ ಇನ್ನೊಂದು ತಿಂಗಳು ನನ್ನ ಕಿವಿ ಚೆನ್ನಾಗಿರ್ತಿತ್ತು.

ಗೌರಿಬಿದನೂರಿಗೆ ಹೋದೆ, ಚಿಂತಾಮಣಿಗೆ ಹೋದೆ. ನಿನ್ನ ಅಂಗಡಿ ನಮ್ಮನೆಯಿಂದ ಎರಡನೇ ತಿರುವು. ಮೊದ್ಲೇ ಬರಬಹುದಿತ್ತು. ಯಾಕೆ ಬರ್ಲಿಲ್ಲ ಅಂತ ನಿನಗೆ ಗೊತ್ತಾಯ್ತಲ್ಲ ಈಗ.

ಹರಿತಾಗೆ ಗೊತ್ತಿಲ್ಲ. ಆಂಪ್ ಸಿಗ್ಲಿಲ್ಲ ಅಂದ್ರೆ ಅವಳು ಅಂಗಡಿಯೋರನ್ನ ಬೈತಾಳೆ, ನಾಕು ದಿನ ಬೇಜಾರು ಮಾಡ್ಕೋತಾಳೆ, ಮುಗೀತು. ಇದನ್ನ ಹೇಳಿದ್ರೆ ಬಾರಿಸುವಾಗೆಲ್ಲ ನನ್ನ ಎಡಗಿವಿನೇ ನೋಡ್ತಿರ್ತಾಳೆ. ಡಾಕ್ಟರ್ ಜಾತಿ ಅದು.

ಈ ಬೂದು ಡಬ್ಬ… ನಿಜವಾಗ್ಲೂ ಕ್ಲೀನಾ? ನಾನು ಕೈ ಎತ್ತಿದಾಗ, ಮಧ್ಯ ಏನೂ ಇರ್ಲಿಲ್ವಾ? ಏನೂ? ಆಣೆ ಇಡು. ಬೇಡ, ನೀನು ಆಣೆ ಇಡೋನಲ್ಲ.

ಹಾಕು ಅದರ ಪ್ಲಗ್ಗು. ಇನ್ನೊಂದು ಸಲ ನೋಡಣ. ಭಾನುವಾರ ಹೋಗ್ಬೇಕೋ ಬೇಡ್ವೋ ಅಂತ ಆಮೇಲೆ ಹೇಳ್ತೀನಿ. ಗಿಟಾರ್ ಮುಟ್ಟಲ್ಲ, ಬೆನ್ನೂ ತಿರುಗಿಸಲ್ಲ, ಕಣ್ಣು ಮುಚ್ಕೋತೀನಿ ಅಷ್ಟೇ. ಒಂದು ಸಲ ಆನ್ ಮಾಡು, ಒಂದು ಸಲ ಆಫ್ ಮಾಡು. ಎರಡರ ಮಧ್ಯ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಹಿಡೀತೀನಿ, ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದೀನಿ.

ಹೂಂ.

…ಈಗ ಆನ್ ಆಗಿದೆ.

…ಅಲ್ವಾ?

…ಆಫಾ?

ರಮೇಶ್‌ಬಾಬು… ನೀನು ಬಾಯಿ ಬಿಟ್ಟು ಹೇಳ್ದಿದ್ರೆ ನನಗೆ ಗೊತ್ತಾಗಲ್ಲ ಕಣಯ್ಯಾ.